ಬೆಳೆದವರ ಕಾಲಂ

ನಮ್ಮವ್ವ ಇಲ್ಲ ಅಂತ ಕಂಪ್ಯೂಟರ್ ಹೇಳಿದ್ದು ತುಂಬಿದ ಕ್ಲಾಸಿನ ಎದುರಿಗೆ.

ಚಾಮರಾಜನಗರದ ಒಂದು ಕಾಲೇಜಿನಲ್ಲಿ ನಾನು ಅತಿಥಿ ಉಪನ್ಯಾಸಕಿ. ಹೆಸರಿಗಷ್ಟೇ ಅತಿಥಿ, ಕೂತ್ಕೊಳ್ಳಿ ಅಂತ ಕುರ್ಚಿ ತೋರಿಸುವವರೂ ಇಲ್ಲ, ಅದಿರಲಿ. ಬಿ.ಸಿ.ಎ. ಮಕ್ಕಳಿಗೆ ಡೇಟಾಬೇಸ್ ಪಾಠ ಮಾಡುತ್ತೇನೆ. ಒಂದೇ ಮಾಹಿತಿಯನ್ನು ಹತ್ತು ಕಡೆ ಬರೆಯದ ಹಾಗೆ ಟೇಬಲ್‌ಗಳನ್ನು ಹೇಗೆ ಒಡೆದು ಜೋಡಿಸಬೇಕು ಅನ್ನುವ ಭಾಗ ಬಂದರೆ ಸಾಕು, ಹಿಂದಿನ ಬೆಂಚಿನವರಿಗೆ ನಿದ್ದೆ ಹತ್ತುತ್ತದೆ. ಪುಸ್ತಕದಲ್ಲಿರುವ ಉದಾಹರಣೆ ಓದಿದರೆ ನನಗೇ ಆಕಳಿಕೆ ಬರುತ್ತದೆ, ಅವರದೇನು ತಪ್ಪು! ಅದಕ್ಕೆ ನಾನು ಪುಸ್ತಕ ಮುಚ್ಚಿ, ಗುಂಡ್ಲುಪೇಟೆಯ ನಮ್ಮ ಚೆಂಡು ಹೂ ಬೆಳೆಗಾರರ ಸಂಘದ ಡೇಟಾಬೇಸನ್ನೇ ಪ್ರೊಜೆಕ್ಟರ್ ಹಾಕಿ ಗೋಡೆಯ ಮೇಲೆ ತೆರೆದು ತೋರಿಸುತ್ತೇನೆ. ಅದನ್ನು ಕಟ್ಟಿದ್ದು ನಾನು ಮತ್ತು ನನ್ನ ಗೆಳತಿ ಲಕ್ಷ್ಮಿದೇವಿ. ದೇವಿ ಈಗಲೂ ಆ ಸಂಘದಲ್ಲೇ ಕೆಲಸಕ್ಕಿದ್ದಾಳೆ. ಕಂಪ್ಯೂಟರಿನ ಉಸ್ತುವಾರಿಯೆಲ್ಲ ಅವಳದೇ.

"ಈಗ ನೋಡಿ," ಅಂದೆ. "ಬೇಗೂರಿನ ಗುರುಮಲ್ಲಮ್ಮ ಅನ್ನೋ ಬೆಳೆಗಾರರು ಹೋದ ವರ್ಷ ಯಾವ ಹೊಲದಲ್ಲಿ ಚೆಂಡು ಹೂ ಬೆಳೆದರು ಅಂತ ಕೇಳೋಣ."

ಗುರುಮಲ್ಲಮ್ಮ ನನ್ನ ತಾಯಿ ಅಂತ ಮಕ್ಕಳಿಗೆಲ್ಲ ಗೊತ್ತು. ಪ್ರತಿ ವರ್ಷ ನನ್ನ ಪಾಠಕ್ಕೆ ಅವಳದೇ ಉದಾಹರಣೆ. ಮೊದಲು ಜನರ ಟೇಬಲ್ಲಿನಲ್ಲಿ ಅವಳ ಹೆಸರು ಹುಡುಕುವ ಪ್ರಶ್ನೆ ಟೈಪು ಮಾಡಿ ಎಂಟರ್ ಒತ್ತಿದೆ. ಗೋಡೆಯ ಮೇಲೆ ಬಂದ ಉತ್ತರ: ಒಂದೂ ಸಾಲಿಲ್ಲ.

ನಾನೇ ಏನೋ ತಪ್ಪು ಒತ್ತಿರಬೇಕು ಅಂದುಕೊಂಡು ಇನ್ನೊಮ್ಮೆ ಕೇಳಿದೆ. ಒಂದೂ ಸಾಲಿಲ್ಲ. ಫೋನ್ ನಂಬರು ಕೊಟ್ಟು ಹುಡುಕಿದೆ. ಊಹೂಂ.

"ಮೇಡಂ, ನಿಮ್ಮವ್ವ ಡಿಲೀಟ್ ಆಗ್ಬುಟ್ಟವ್ರೆ!" ಅಂದ ಹಿಂದಿನ ಬೆಂಚಿನವನೊಬ್ಬ. ಕ್ಲಾಸು ಗೊಳ್ಳೆಂದಿತು. ನಾನೂ ನಕ್ಕೆ. ನಗುತ್ತಲೇ ಬೆಳೆಯ ಟೇಬಲ್ ತೆರೆದು ನೋಡಿದರೆ, ಅವ್ವನ ಸಾಲು ಹಾಗಿರಲಿ, 'ಬೆಳೆದವರು' ಅನ್ನುವ ಕಾಲಮ್ಮೇ ಇರಲಿಲ್ಲ. ಯಾರೋ ಅದನ್ನು ಬುಡಸಮೇತ ಕಿತ್ತು ಹಾಕಿದ್ದರು. ತಲೆನೋವು ಅಂತ ಹೇಳಿ ಕ್ಲಾಸು ಬಿಟ್ಟೆ.

ಆ ಕಾಲಂ ಏನು, ಅದು ಹೋದರೆ ನಾನ್ಯಾಕೆ ಕ್ಲಾಸು ಬಿಟ್ಟು ಓಡಬೇಕು ಅಂತ ಹೇಳಿಬಿಡುತ್ತೇನೆ.

ನಮಗೆ ಸ್ವಂತದ್ದು ಅಂತ ಒಂದು ಗುಂಟೆ ಹೊಲವಿಲ್ಲ. ಅಪ್ಪ ಚೆಲುವಯ್ಯ ಇದ್ದಾಗಲೂ ಇರಲಿಲ್ಲ, ತೀರಿಕೊಂಡ ಮೇಲೂ ಇಲ್ಲ. ಅವ್ವ ಗೇಯುವುದು ದೇವಿಯ ಅಪ್ಪ ಮಹದೇವಪ್ಪನವರ ಹೊಲವನ್ನು, ವಾರಕ್ಕೆ. ಅಂದರೆ ಹೊಲ ಅವರದು, ಗೇಯ್ಮೆ ನಮ್ಮದು, ಬಂದ ಬೆಳೆಯಲ್ಲಿ ಅರ್ಧ ಅರ್ಧ. ನಮ್ಮ ಕಡೆ ವಾರದ ಮಾತನ್ನು ಯಾರೂ ಬರೆದಿಡುವುದಿಲ್ಲ. ಉಗಾದಿ ದಿನ ಯಜಮಾನರು ಎಲೆ ಅಡಿಕೆ ಕೊಡುತ್ತಾರೆ, ಗೇಯುವವರು ಇಸಕೊಳ್ಳುತ್ತಾರೆ, ಆ ವರ್ಷಕ್ಕೆ ಹೊಲ ಅವರದು ಅಂತ ಲೆಕ್ಕ. ಬಾಯಿ ಮಾತೇ ಪತ್ರ. ಅವ್ವ ನನ್ನನ್ನು ಓದಿಸಿದ್ದು ಆ ಹೊಲದಲ್ಲಿ ಗೇಯ್ದು. ಆದರೆ ಅವಳು ಬೆಳೆಗಾರ್ತಿ ಅಂತ ಸರ್ಕಾರದ್ದಾಗಲಿ ಬ್ಯಾಂಕಿನದ್ದಾಗಲಿ ಯಾವ ದಾಖಲೆಯೂ ಹೇಳುವುದಿಲ್ಲ. ಹೇಳುತ್ತಿದ್ದುದು ಒಂದೇ ಜಾಗ. ನಮ್ಮ ಸಂಘದ ಆ ಕಾಲಂ.

ಮೊದಲು ಸಂಘದಲ್ಲಿ ಎಲ್ಲವನ್ನೂ ಒಂದೇ ಶೀಟಿನಲ್ಲಿ ಗುಡ್ಡೆ ಹಾಕುತ್ತಿದ್ದರು. ಹೂವಿನ ಮೂಟೆ ತೂಕಕ್ಕೆ ಬಂದಾಗಲೆಲ್ಲ ಒಂದು ಸಾಲು. ಆ ಸಾಲಿನಲ್ಲಿ ಬೆಳೆದವರ ಹೆಸರು, ಊರು, ಫೋನು, ಹೊಲದ ನಂಬರು, ಯಜಮಾನರ ಹೆಸರು, ಎಲ್ಲವೂ ಮತ್ತೆ ಮತ್ತೆ. ಒಂದು ಸಲ ಅವ್ವನ ಫೋನ್ ನಂಬರು ಬದಲಾಯಿತು. ಅಲ್ಲಿದ್ದ ಪುಣ್ಯಾತ್ಮ ಹೊಸ ನಂಬರನ್ನು ಒಂದು ಸಾಲಿನಲ್ಲಿ ತಿದ್ದಿದ, ಮಿಕ್ಕ ಸಾಲುಗಳಲ್ಲಿ ಹಳೆಯದೇ ಕೂತಿತ್ತು. ಇವತ್ತು ವ್ಯಾನು ಬರುವುದಿಲ್ಲ ಅನ್ನುವ ಮೆಸೇಜು ಸತ್ತ ನಂಬರಿಗೆ ಹೋಯಿತು. ಅವ್ವ ಹೂ ಕುಯ್ದು, ಮೂಟೆ ಕಟ್ಟಿ, ಬೇಗೂರಿನ ಹೈವೇ ಪಕ್ಕ ಸಂಜೆಯವರೆಗೂ ಕಾದಳು. ಮೂಟೆಯೊಳಗೆ ಹೂ ಬೆಂದು ಹೋಯಿತು. ತಿಪ್ಪೆಗೆ ಸುರಿದು ಬಂದ ಅವ್ವ ಅವತ್ತು ಊಟ ಮಾಡಲಿಲ್ಲ.

ಅವ್ವ ಉಣ್ಣಲಿಲ್ಲ ಅಂತ ನನಗಿಂತ ಹೆಚ್ಚು ಕೂಗಾಡಿದವಳು ದೇವಿ. ಆಗಷ್ಟೇ ಅವಳಿಗೆ ಸಂಘದಲ್ಲಿ ಕೆಲಸ ಸಿಕ್ಕಿತ್ತು. ಬೇಗೂರಿನ ಶಾಲೆಯಿಂದ ಹಿಡಿದು ಡಿಗ್ರಿವರೆಗೂ ನಾವಿಬ್ಬರೂ ಒಂದೇ ಬೆಂಚು. ಅವರದು ದೊಡ್ಡ ಮನೆ, ನಮ್ಮದು ಅವರ ಹೊಲ ಗೇಯುವ ಮನೆ; ಆದರೂ ಅವಳು ನಮ್ಮಟ್ಟಿಗೆ, ನಮ್ಮ ಮನೆಯೊಳಕ್ಕೇ ಬಂದು ಅವ್ವನ ಕೈಯಿಂದ ಹುಚ್ಚೆಳ್ಳು ಚಟ್ನಿ ಹಾಕಿಸಿಕೊಂಡು ಮುದ್ದೆ ಉಂಡು ಹೋಗುವವಳು. ನಮ್ಮವ್ವನನ್ನು ಅವಳೂ ಅವ್ವ ಅಂತಲೇ ಕರೆಯುವುದು. "ಇದನ್ನ ನಾವೇ ಸರಿ ಮಾಡ್ಬಿಡೋಣ ಕಣೆ ರಂಜಿ," ಅಂದಳು.

ನಮ್ಮ ಅಟ್ಟಿಯ ಮುಂದಿನ ಗಾರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಡಬ್ಬಗಳನ್ನು ಬರೆದುಕೊಂಡು ಕೂತೆವು. ಜನರಿಗೊಂದು ಟೇಬಲ್, ಹೊಲಕ್ಕೊಂದು ಟೇಬಲ್, ಆಯಾ ವರ್ಷದ ಬೆಳೆಗೊಂದು ಟೇಬಲ್. ಒಂದು ಸಂಗತಿಗೆ ಒಂದೇ ಜಾಗ. ಫೋನ್ ನಂಬರು ಜನರ ಟೇಬಲ್ಲಿನಲ್ಲಿ ಒಮ್ಮೆ ಬರೆದರೆ ಮುಗಿಯಿತು, ಬೇರೆಲ್ಲ ಕಡೆ ಆ ಮನುಷ್ಯರ ಗುರುತಿನ ನಂಬರು ಮಾತ್ರ. ಯಜಮಾನರು ಯಾರು ಅನ್ನುವುದು ಹೊಲದ ಟೇಬಲ್ಲಿಗೆ ಹೋಯಿತು. ಬೆಳೆಯ ಟೇಬಲ್ಲಿಗೆ ಬಂದಾಗ ದೇವಿ ಕೇಳಿದಳು: "ಇಲ್ಲಿ ಬೆಳೆದವರ ಕಾಲಂ ಬೇಕಾ? ಹೊಲ ಯಾವುದು ಅಂತ ಗೊತ್ತಾದ್ರೆ ಯಾರು ಅಂತ ಗೊತ್ತಾಗುತ್ತಲ್ಲ. ಒಂದೇ ಹೆಸರು ಎರಡು ಕಡೆ ಯಾಕೆ?"

"ಹೊಲ ಗೊತ್ತಾದ್ರೆ ಯಜಮಾನ ಗೊತ್ತಾಗ್ತಾನೆ, ಬೆಳೆದವರು ಎಲ್ಲಿ ಗೊತ್ತಾಗ್ತಾರೆ?" ಅಂದೆ. "ನಿಮ್ಮ ಹೊಲವನ್ನೇ ತಗೋ. ಯಜಮಾನರು ನಿಮ್ಮಪ್ಪಾಜಿ, ಬೆಳೆಯೋದು ಅವ್ವ. ಸ್ವಂತ ಹೊಲ ಗೇಯೋರಿಗೆ ಎರಡು ಕಡೆನೂ ಒಂದೇ ಹೆಸರು ಬರುತ್ತೆ, ಬರಲಿ. ಹೆಸರು ಒಂದೇ ಆದ್ರೂ ಸಂಗತಿ ಎರಡು."

"ಹೌದಲ್ವಾ!" ಅಂದ ದೇವಿ ತನ್ನ ಕೈಯಾರೆ 'ಬೆಳೆದವರು' ಅಂತ ಬರೆದಳು. ಕಂಪ್ಯೂಟರಿಗೆ ಹಾಕುವಾಗ ಮೊದಲ ಹೆಸರು ಅವ್ವನದೇ ಹಾಕಿದ್ದೂ ಅವಳೇ. ಅವ್ವನನ್ನು ಆಫೀಸಿಗೆ ಕರೆಸಿ, ಕುರ್ಚಿಯಲ್ಲಿ ಕೂರಿಸಿ ತೋರಿಸಿದಳು. ಅವ್ವ ಸೆರಗಿನಲ್ಲಿ ಕೈ ಒರೆಸಿಕೊಂಡು ಪರದೆಯ ಮೇಲಿನ ತನ್ನ ಹೆಸರನ್ನು ಬೆರಳಿಂದ ಮುಟ್ಟಿ, "ನಾನೂ ಇವ್ನಿ ಬುಡು!" ಅಂತ ನಕ್ಕಳು. ಆಮೇಲೆ ಊರಿನಲ್ಲಿ ಯಾರು ಸಿಕ್ಕಿದರೂ ಅದೇ ಮಾತು. ಆ ಕಾಲಂ ಬಂದ ಮೇಲೆ ವಾರಕ್ಕೆ ಗೇಯುವವರಿಗೂ ಸಂಘದ ಸದಸ್ಯತ್ವ ಸಿಕ್ಕಿತು, ಅವರ ಹೆಸರಿಗೇ ಸಸಿ ಕೊಡಲು ಶುರು ಮಾಡಿದರು. ಸಭೆಯಲ್ಲಿ ಅವ್ವ ಎದ್ದು ನಿಂತು, ವ್ಯಾನು ಹೊತ್ತಿಗೆ ಸರಿಯಾಗಿ ಬರಬೇಕು ಅಂತ ಜಬರದಸ್ತಿನಿಂದ ಕೇಳುವವಳಾದಳು.

ಇಂಥಾ ಕಾಲಮ್ಮನ್ನು ಕಿತ್ತು ಹಾಕಿದ ಕೈ ಯಾವುದು? ಡೇಟಾಬೇಸಿಗೆ ಕೈ ಹಾಕುವ ಅಧಿಕಾರ ಇದ್ದದ್ದು ಇಬ್ಬರಿಗೇ. ಒಬ್ಬಳು ನಾನು.

ಆದರೂ ಗುಂಡ್ಲುಪೇಟೆಯ ಬಸ್ಸಿನಲ್ಲಿ ತೆರಕಣಾಂಬಿ ದಾಟುವವರೆಗೂ ನಾನು ದೇವಿಯ ಪರವಾಗಿಯೇ ವಾದ ಮಾಡಿಕೊಂಡೆ. ಕೈ ತಪ್ಪಿ ಆಗಿರಬೇಕು. ಯಾರೋ ಹೊಸಬರು ಬಂದು ಏನೋ ಒತ್ತಿರಬೇಕು. ಪಾಪ, ಅವಳಿಗೇ ಗೊತ್ತಿಲ್ಲವೇನೋ, ಗೊತ್ತಾದರೆ ಅತ್ತುಬಿಡುತ್ತಾಳೆ. ನೋಡಿ, ಮನಸ್ಸು ಎಷ್ಟು ಪೆದ್ದು ಅಂತ!

ಗುಂಡ್ಲುಪೇಟೆಯಲ್ಲಿ ಸಂಘದ ಆಫೀಸು ಊಟಿ ರಸ್ತೆಯ ಗೊಬ್ಬರದ ಅಂಗಡಿಯ ಮಹಡಿಯಲ್ಲಿದೆ. ಕೆಳಗೆ ಈರುಳ್ಳಿ ಲಾರಿಗಳ ಹಾರ್ನು. ಮೆಟ್ಟಿಲು ಹತ್ತಿ ಹೋದರೆ ದೇವಿ ಒಬ್ಬಳೇ ಕೂತು ಮಾರನೇ ದಿನ ಬೇಗೂರಿನಲ್ಲಿ ಸಸಿ ಹಂಚುವುದಕ್ಕೆ ತಯಾರಿ ಮಾಡುತ್ತಿದ್ದಳು. ನನ್ನನ್ನು ನೋಡಿದವಳು "ಏನೇ ರಂಜಿ, ಕಾಲೇಜಿಲ್ವಾ?" ಅಂತ ಎದ್ದಳು. ಆ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಯಾವತ್ತೋ ಬರಬೇಕಾದ ಬಸ್ಸು ಬಂದಂತೆ ನೋಡಿದಳು. ಆಗಲೇ ನನಗೆ ಗೊತ್ತಾಗಿಹೋಯಿತು.

"ಬೆಳೆದವರ ಕಾಲಂ ಎಲ್ಲೇ?" ಅಂದೆ.

"ಕೂತ್ಕೋ. ನೀರು ಕುಡಿ."

"ನಿನ್ನ ನೀರು ಯಾರಿಗೆ ಬೇಕು? ಕಾಲಂ ಎಲ್ಲಿ ಹೋಯ್ತು?"

"ತೆಗೆದೆ," ಅಂದಳು. "ಮುಕ್ಕಾಲು ಪಾಲು ಸಾಲುಗಳಲ್ಲಿ ಯಜಮಾನರ ಹೆಸರೇ ಮತ್ತೆ ಬೆಳೆದವರು ಅಂತ ಬಂದಿತ್ತು. ಸುಮ್ಮನೆ ಎರಡೆರಡು ಸಲ ಯಾಕೆ ಅಂತ..."

"ಏ ದೇವಿ! ಯಾರ ಕಣ್ಣಿಗೆ ಮಣ್ಣೆರಚ್ತೀಯೆ? ಈ ಪಾಠ ನಿಂಗೆ ನೆಲದ ಮೇಲೆ ಬರೆದು ತೋರಿಸಿದವಳು ನಾನು. ಕಾಲಂ ಹೋಯ್ತು, ಸರಿ. ಜನರ ಟೇಬಲ್ಲಿನಿಂದ ಅವ್ವ ಯಾಕೆ ಹೋದ್ಲು?"

"ಯಾವ ಹೊಲಕ್ಕೂ ಯಜಮಾನರಲ್ಲದ ಸಾಲುಗಳು ಸುಮ್ಮನೆ ಉಳ್ಕೊಂಡಿದ್ವು. ಅವನ್ನೂ ತೆಗೆದೆ."

ಸಾಲುಗಳು! ಅವಳಿಗೆ ಮುದ್ದೆ ಬಡಿಸಿದ ಕೈ ಈಗ ಉಳ್ಕೊಂಡ ಸಾಲು. ಅವ್ವನ ಜೊತೆಗೆ ವಾರಕ್ಕೆ ಗೇಯುವ ಎಲ್ಲರೂ ಹೋಗಿದ್ದರು. ಬ್ಯಾಗು ಎಸೆದು, ಉಂಡ ಮನೆಗೆ ಎರಡು ಬಗೆದವಳೇ, ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತಲ್ಲೇ ಅಂತ ಬಾಯಿಗೆ ಬಂದದ್ದೆಲ್ಲ ಬೈದೆ. ಕೆಳಗಿನ ಗೊಬ್ಬರದ ಅಂಗಡಿಯವರು ಮೆಟ್ಟಿಲ ಹತ್ತಿರ ಬಂದು ಕತ್ತೆತ್ತಿ ನೋಡಿ ಹೋದರು. ದೇವಿ ತಲೆ ತಗ್ಗಿಸಿ ಬೈಸಿಕೊಂಡಳು. ನನ್ನ ಉಸಿರು ನಿಂತ ಮೇಲೆ ಮೆಲ್ಲಗೆ ಹೇಳಿದಳು:

"ನಮ್ಮ ತಾತನ ಗದ್ದೆ ಟೆನೆನ್ಸಿಲಿ ಹೋಗಿದ್ದು ನಿಂಗೆ ಗೊತ್ತಲ್ಲ."

ಗೊತ್ತಿತ್ತು. ಉಳುವವನೇ ಹೊಲದೊಡೆಯ ಅನ್ನುವ ಕಾಯ್ದೆ ಬಂದ ಕಾಲದಲ್ಲಿ, ಗೇಯುತ್ತಿದ್ದವರು ಅರ್ಜಿ ಹಾಕಿ ದೇವಿಯ ತಾತನ ಗದ್ದೆಯನ್ನು ತಮ್ಮದು ಮಾಡಿಕೊಂಡಿದ್ದರು. ಆ ಮನೆಯಲ್ಲಿ ಇವತ್ತಿಗೂ ಸತ್ತವರನ್ನು ನೆನೆದಂತೆ ಆ ಗದ್ದೆಯನ್ನು ನೆನೆಯುತ್ತಾರೆ.

"ಆ ಕಾಯ್ದೆಗೆ ಅರ್ಜಿ ಹಾಕೋ ಕಾಲ ಮುಗಿದು ಯಾವ ಜಮಾನ ಆಯ್ತು!"

"ಅದನ್ನ ನಮ್ಮಪ್ಪಾಜಿಗೆ ಹೇಳು ಹೋಗು. ಗೇಯೋರ ಹೆಸರು ಎಲ್ಲೇ ಬರವಣಿಗೇಲಿ ಇದ್ರೂ ಇವತ್ತಲ್ಲ ನಾಳೆ ಹೊಲ ಕೈಬಿಡುತ್ತೆ ಅಂತಾರೆ. ಸಂಘದಲ್ಲಿ ಇಂಥದೊಂದು ಕಾಲಂ ಇದೆ ಅಂತ ಅವರಿಗೆ ಗೊತ್ತಿರಲಿಲ್ಲ. ಯಾರೋ ಹೇಳಿದ್ರು. ನೀನೇ ಬರೆದಿದ್ದು, ನೀನೇ ಅಳಿಸು ಅಂದ್ರು. ಅಳಿಸದಿದ್ರೆ ಈ ವರ್ಷದಿಂದ ಹೊಲ ಬಿಡಿಸ್ಕೊಂಡು ಟ್ರಾಕ್ಟರ್ ಹಾಕಿಸಿ ತಾವೇ ಮಾಡ್ಕೋತೀವಿ ಅಂದ್ರು. ಮಿಕ್ಕ ಯಜಮಾನರೂ ಅದನ್ನೇ ಕೂತ್ಕೊಂಡು ಮಾತಾಡಿದ್ದಾರೆ. ನಾನು ಉಳಿಸಿದ್ದು ಅವ್ವನ ಹೊಲನ ಕಣೆ."

"ಉಳಿಸಿದ್ದು ನಿಮ್ಮಪ್ಪನ ಹೊಲ."

"ಸಸಿ ಅಪ್ಪಾಜಿ ಹೆಸರಿಗೆ ಬರುತ್ತೆ, ಇಸ್ಕೊಳ್ಳೋದು ಅವ್ವನೇ. ನೆಡೋದೂ ಅವಳೇ, ಕುಯ್ಯೋದೂ ಅವಳೇ. ಅರ್ಧ ಪಾಲು ಎಂದಿನಂತೆ. ಏನ್ ವ್ಯತ್ಯಾಸ ಆಯ್ತು ಹೇಳು?"

"ಬೆಳೆಗಾರ್ತಿ ಹೋಗಿ ಆಳಾದ್ಲು. ಅಷ್ಟೇ ವ್ಯತ್ಯಾಸ. ನಾಳೆ ಸಭೇಲಿ ಎದ್ದು ನಿಂತ್ರೆ ನೀನ್ಯಾರಮ್ಮ ಅಂತ ಕೇಳ್ತಾರೆ."

ಆಗ ನನಗೆ ಒಂದು ಅನುಮಾನ ಹುಟ್ಟಿತು. ಟೇಬಲ್ಲಿನಿಂದ ಒಂದು ಕಾಲಂ ಕಿತ್ತರೆ ಅದಕ್ಕೆ ಅಂಟಿಕೊಂಡಿರುವುದೆಲ್ಲ ಹರಿದುಬರುತ್ತದೆ. ಹೂವಿನ ತೂಕ, ಬಟವಾಡೆ, ಮೆಸೇಜು ಎಲ್ಲವೂ ನಿಲ್ಲಬೇಕಿತ್ತು. ಆದರೆ ಸಂಘದ ಕೆಲಸ ಒಂದು ದಿನವೂ ನಿಂತಿಲ್ಲ. ಅಷ್ಟು ನೀಟಾಗಿ ಹೊಲಿಗೆ ಬಿಚ್ಚಿ ಮತ್ತೆ ಹಾಕುವ ಕೆಲಸ ದೇವಿಗೆ ಬರುವುದಿಲ್ಲ.

"ಇದನ್ನ ಮಾಡೋದು ನಿಂಗೆ ಯಾರೇ ಹೇಳಿಕೊಟ್ರು?"

ಅವಳು ಕಿಟಕಿಯ ಕಡೆ ನೋಡಿದಳು. ನನಗೆ ಹೊಳೆದದ್ದು ಆಗ.

ಉಗಾದಿ ಮುಗಿದ ವಾರ ಅವಳು ಫೋನು ಮಾಡಿದ್ದಳು. ಯಾರೋ ಪರಿಚಯದವರ ಹಾಸ್ಟೆಲ್ಲಿಗೆ ಡೇಟಾಬೇಸ್ ಮಾಡುತ್ತಿದ್ದೀನಿ, ಒಂದು ಕಡೆ ಸಿಕ್ಕಿಕೊಂಡಿದ್ದೀನಿ ಅಂದಿದ್ದಳು. ರೂಮು ಯಾವುದು ಅಂತ ಗೊತ್ತಾದರೆ ಆ ರೂಮಿನ ವಾರ್ಡನ್ ಯಾರು ಅಂತ ಗೊತ್ತಾಗುತ್ತದೆ. ಆದರೂ ಹಾಜರಾತಿ ಟೇಬಲ್ಲಿನಲ್ಲಿ ವಾರ್ಡನ್ ಹೆಸರು ಮತ್ತೆ ಮತ್ತೆ ಕೂತಿದೆ, ಏನು ಮಾಡಲಿ ಅಂತ ಕೇಳಿದ್ದಳು. "ಅಯ್ಯೋ, ಅದಕ್ಕೇನು, ಆ ಕಾಲಂ ಕಿತ್ತು ಬಿಸಾಕು!" ಅಂದಿದ್ದೆ ನಾನು. ಯಾವುದು ಮೊದಲು, ಯಾವುದು ಆಮೇಲೆ, ಏನೂ ಹರಿಯದ ಹಾಗೆ ಹೇಗೆ ತೆಗೆಯಬೇಕು ಅಂತ ಸಾಲು ಸಾಲಾಗಿ ಬರೆದು ವಾಟ್ಸಾಪಿನಲ್ಲಿ ಕಳಿಸಿದ್ದೆ. ಕೊನೆಗೆ, ಯಾವುದಕ್ಕೂ ಅಂಟದೆ ಉಳಿದ ಸಾಲುಗಳನ್ನು ಗುಡಿಸಿ ಹಾಕುವುದು ಹೇಗೆ ಅಂತ ಅವಳು ಕೇಳದಿದ್ದರೂ ಬರೆದಿದ್ದೆ. ಅವಳು ಎರಡು ಕೈ ಮುಗಿದ ಚಿತ್ರ ಕಳಿಸಿದ್ದಳು. ನಾನು ಹೆಮ್ಮೆಯಿಂದ ಬೀಗಿದ್ದೆ.

"ಹಾಸ್ಟೆಲ್ಲು," ಅಂದೆ.

ದೇವಿ ಹೂಂ ಅಂದಳು.

ನನ್ನ ಬೆರಳಿಂದಲೇ ನನ್ನ ಕಣ್ಣು ತಿವಿಸಿದ್ದಳು. ಅವಳೇ ಮಾಡಿದ್ದರೆ ಮಾಡಿಕೊಳ್ಳಲಿ ಅಂತ ಹೇಗಾದರೂ ನುಂಗಿಕೊಳ್ಳುತ್ತಿದ್ದೆನೇನೋ. ರೂಮು, ವಾರ್ಡನ್ ಅಂತ ಕತೆ ಕಟ್ಟಿ, ನನ್ನ ವಿದ್ಯೆಯನ್ನೇ ಇಸಕೊಂಡು, ನನ್ನ ಹೆತ್ತ ತಾಯಿಯನ್ನು ನನ್ನ ಕೈಯಲ್ಲೇ ಅಳಿಸಿದಳಲ್ಲ! ಬೈಯುವುದಕ್ಕೂ ಬಾಯಿ ಬರಲಿಲ್ಲ. ಅಳು ಬಂತು. ಅವಳ ಮುಂದೆ ಅಳಬಾರದು ಅಂತ ಹಲ್ಲು ಕಚ್ಚಿಕೊಂಡೆ, ಆದರೂ ಬಂತು.

"ಅವ್ವಂಗೆ ಇದು ಗೊತ್ತಾದ್ರೆ ಎದೆ ಒಡ್ಕೊಂಡು ಸಾಯ್ತಾಳೆ ಕಣೆ," ಅಂದೆ.

ದೇವಿ ಏನೋ ಹೇಳಲು ಬಾಯಿ ತೆರೆದಳು. ಮತ್ತೆ ಮುಚ್ಚಿಕೊಂಡಳು. ನಾಚಿಕೆ ಆಗಿರಬೇಕು ಅಂದುಕೊಂಡೆ.

"ನಿನ್ನ ಹತ್ರ ಹಳೇ ಕಾಪಿ ಇದೆ," ಅಂದಳು ಆಮೇಲೆ. "ಪಾಸ್‌ವರ್ಡೂ ಇದೆ. ಬೇಕಾದ್ರೆ ಈಗಲೇ ಆ ಕಾಲಂ ವಾಪಸ್ ಹಾಕು, ನಾನು ತಡೆಯಲ್ಲ. ಆದ್ರೆ ಅಪ್ಪಾಜಿ ಸುಮ್ಮನಿರಲ್ಲ. ಭರಣಿ ಮಳೆ ಬಿದ್ದು ಹೊಲ ಹದವಾಗಿದೆ, ನಾಳಿದ್ದು ನೆಡ್ಬೇಕು. ಯೋಚನೆ ಮಾಡು."

"ಕಂಪ್ಯೂಟರಿನಲ್ಲಿ ಕದ್ದು ಹಾಕಲ್ಲ ನಾನು. ನಿನ್ನ ಥರ ಅಲ್ಲ. ನಾಳೆ ಸಸಿ ಹಂಚುವಾಗ ಎಲ್ಲರ ಎದುರಿಗೆ ಕೇಳ್ತೀನಿ. ನಿಮ್ಮಪ್ಪನೂ ಬರಲಿ, ಮಿಕ್ಕ ಯಜಮಾನರೂ ಬರಲಿ. ವಾರಕ್ಕೆ ಗೇಯೋರು ಇಷ್ಟು ಜನ ಒಟ್ಟಿಗೆ ನಿಂತ್ರೆ ಯಾರ ಯಾರ ಹೊಲ ಬಿಡಿಸ್ಕೋತಾರೋ ನೋಡೋಣ," ಅಂತ ಹೇಳಿ ಮೆಟ್ಟಿಲಿಳಿದೆ. ಹಿಂದಿನಿಂದ ಅವಳು ರಂಜಿ, ರಂಜಿ ಅಂತ ಕರೆದಳು. ತಿರುಗಿ ನೋಡಲಿಲ್ಲ.

ಬೇಗೂರಿಗೆ ಬಂದಾಗ ಅವ್ವ ಒಲೆಯ ಮುಂದೆ ಇದ್ದಳು. ನನ್ನನ್ನು ನೋಡಿ ಬೆಚ್ಚಿದಳು.

"ಯಾಕಮ್ಮಿ ದಿಡೀರ್ನೆ ಬಂದೆ? ಕಾಲೇಜಿಲ್ವ?"

"ರಜ."

"ಮಕ ಯಾಕ್ ಇಂಗಾಗದೆ?"

"ತಲೆನೋವು."

ಹೇಳಿಬಿಡಬೇಕು ಅಂತ ನಾಲಿಗೆ ತುದಿಗೆ ಬಂದಿತ್ತು. ಆದರೆ ಪರದೆಯನ್ನು ಮುಟ್ಟಿ ನಕ್ಕ ಆ ಮುಖ ನೆನಪಾಗಿ ನುಂಗಿಕೊಂಡೆ. ಮೊದಲು ಹೋದ ಹೆಸರನ್ನು ವಾಪಸ್ ತರುತ್ತೇನೆ, ಆಮೇಲೆ ಹೀಗಾಗಿತ್ತು ಅಂತ ಹೇಳುತ್ತೇನೆ. ಅವಳು ಆ ನೋವು ತಿನ್ನುವುದೇ ಬೇಡ. ಅವ್ವ ಮುದ್ದೆ ತಟ್ಟೆಗೆ ಹಾಕುತ್ತಾ, "ನಾಳೆ ಸಸಿ ಕೊಡ್ತರೆ, ನಂಗೆ ಬಿಡುವಿರಲ್ಲ ಕನಮ್ಮಿ. ನೀನು ಮೊದ್ಲ ಬಸ್ಸಿಗೆ ಓಗ್ಬುಡು. ಇಲ್ಲಿದ್ದು ಏನ್ ಮಾಡಿಯೇ?" ಅಂದಳು. ಮಗಳಿಗೆ ಬಿಸಿಲು ಬಡಿಯದಿರಲಿ ಅಂತ ಹೇಳುತ್ತಿದ್ದಾಳೆ ಅಂದುಕೊಂಡೆ. ನಾನೂ ಬರ್ತೀನಿ, ಟ್ರೇ ಹೊರಲಿಕ್ಕೆ ಒಂದು ಕೈ ಆಗುತ್ತೆ ಅಂದೆ. ಅವಳು ಬೇಡ ಬೇಡ ಅಂತ ಇನ್ನೂ ಎರಡು ಸಲ ಹೇಳಿ ಸುಮ್ಮನಾದಳು.

ಸಸಿ ಹಂಚುವುದು ಹೈವೇ ಪಕ್ಕದ ಸಂಘದ ನರ್ಸರಿಯಲ್ಲಿ. ಬೆಳಿಗ್ಗೆ ನಾವು ಹೋಗುವಷ್ಟರಲ್ಲಿ ಜನ ಸೇರಿದ್ದರು. ಹಸಿರು ನೆರಳುಬಲೆಯ ಕೆಳಗೆ ಟ್ರೇಗಳ ಸಾಲು. ಕೇರಳದ ಕಾರೊಂದು ನಿಂತು, ಅದರಿಂದಿಳಿದ ಹೆಂಗಸರು "ಚೇಚಿ, ಹೂ ಎಲ್ಲಿ?" ಅಂತ ಕೇಳುತ್ತಿದ್ದರು. ಹೂವಿಗೆ ಇನ್ನೂ ತಿಂಗಳುಗಟ್ಟಲೆ ಕಾಯಬೇಕು ಅಂತ ಅವ್ವ ಕೈಸನ್ನೆಯಲ್ಲಿ ಹೇಳಿ ನಕ್ಕಳು. ಮಹದೇವಪ್ಪನವರು ಬಿಳಿ ಪಂಚೆಯುಟ್ಟು, ಒಂದು ಕುರ್ಚಿ ಹಾಕಿಸಿಕೊಂಡು ಬೇವಿನ ಮರದ ಕೆಳಗೆ ಕೂತಿದ್ದರು. ದೇವಿ ಮೇಜಿನ ಮುಂದೆ ಲ್ಯಾಪ್‌ಟಾಪು ಇಟ್ಟುಕೊಂಡಿದ್ದಳು. ನಾನು ಬಂದದ್ದು ನೋಡಿ ಅವಳ ಮುಖ ಬಿಳಿಚಿಕೊಂಡಿತು.

ನಾನು ಅವಕಾಶಕ್ಕೆ ಕಾದೆ. ಅವ್ವನ ಹೆಸರು ಬರುವುದಿಲ್ಲ, ಸಂಗತಿ ಗೊತ್ತಿಲ್ಲದ ಅವಳು ಯಜಮಾನರ ಹೆಸರಿಗೆ ಏಳುವುದೂ ಇಲ್ಲ, ಎಲ್ಲರ ಹೆಸರೂ ಮುಗಿದು ಅವಳು ಬರಿಗೈಯಲ್ಲಿ ನಿಂತಾಗ ಕೇಳಬೇಕು ಅಂತ ನನ್ನ ಲೆಕ್ಕ.

ದೇವಿ ಕೂಗಲು ಶುರು ಮಾಡಿದಳು. ಒಂದೆರಡು ಹೆಸರಾದ ಮೇಲೆ, "ಶಿವಸ್ವಾಮಿ!" ಅಂದಳು. ಶಿವಸ್ವಾಮಿಯವರು ಮೈಸೂರಿನಲ್ಲಿ ನೌಕರಿಯಲ್ಲಿದ್ದಾರೆ, ಅವರ ಹೊಲವನ್ನು ವಾರಕ್ಕೆ ಮಾಡುವವರು ಸಿದ್ದಯ್ಯ. ಸಿದ್ದಯ್ಯ ಬೀಡಿ ಆರಿಸಿ, ಕಿವಿಗೆ ಸಿಕ್ಕಿಸಿಕೊಂಡು, ತನ್ನ ಹೆಸರೇ ಅದು ಅನ್ನುವಂತೆ ಹೋಗಿ ಟ್ರೇಗಳನ್ನು ಎತ್ತಿಕೊಂಡರು. ಯಾರೂ ಏನೂ ಅನ್ನಲಿಲ್ಲ. ನಗಲೂ ಇಲ್ಲ.

ದೇವಿ ನನ್ನ ಕಡೆ ನೋಡಲಿಲ್ಲ. ಆಮೇಲೆ ತನ್ನ ಅಪ್ಪನ ಹೆಸರನ್ನೇ ಕೂಗಿದಳು.

"ಮಹದೇವಪ್ಪ!"

ಕುರ್ಚಿಯಲ್ಲಿದ್ದವರು ಅಲ್ಲಾಡಲಿಲ್ಲ. ನನ್ನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದ ಅವ್ವ, ಮಂಡಿಯ ಮೇಲೆ ಕೈಯೂರಿ ಎದ್ದಳು.

"ಬಂದೆ ಕನವ್ವ," ಅಂದಳು.

"ಅವಳ ಹೆಸರು ಮಹದೇವಪ್ಪ ಅಲ್ಲ!" ನಾನು ಕಿರುಚಿದೆ. ನರ್ಸರಿಗೆ ನರ್ಸರಿಯೇ ತಿರುಗಿ ನೋಡಿತು. "ಗುರುಮಲ್ಲಮ್ಮ! ನಮ್ಮವ್ವನ ಹೆಸರು ಗುರುಮಲ್ಲಮ್ಮ! ಬೆಳೆಯೋಳು ಅವಳು! ಸಿದ್ದಯ್ಯಣ್ಣ, ನಿಮ್ಮ ಹೆಸರನ್ನೂ ತೆಗೆದುಹಾಕಿದ್ದಾರೆ, ಕೇಳಿ!"

ಸಿದ್ದಯ್ಯ ಟ್ರೇ ಹಿಡಿದುಕೊಂಡು ಬೇರೆ ಕಡೆ ನೋಡಿದರು. ಅವ್ವ ಸರಸರನೆ ವಾಪಸ್ ಬಂದು ನನ್ನ ತೋಳು ಹಿಡಿದಳು. ಅವಳಿಗೆ ಎದೆ ಒಡೆದಿರಲಿಲ್ಲ. ಅವಳ ಮುಖದಲ್ಲಿ ಇದ್ದದ್ದು ಸಿಟ್ಟು, ಅದೂ ನನ್ನ ಮೇಲೆ.

"ಬಾಯ್ ಮುಚ್ಚಮ್ಮಿ."

"ಅವ್ವ, ನಿಂಗೆ... ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಉಗಾದೀಲಿ ಎಲೆ ಅಡ್ಕೆ ಕೊಡೋವಾಗ್ಲೇ ಯಜಮಾನ್ರು ಏಳುದ್ರು. ಎಸ್ರು ಬೇಕಾ, ಒಲ ಬೇಕಾ ಅಂದ್ರು. ಒಲ ಅಂದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗೇಳುದ್ರೆ ನೀನು ಇಂಗೇ ಕುಣೀತಿದ್ದೆ. ದೇವಮ್ಮ ನಿಂಗೇಳ್ತೀನಿ ಅಂತ್ಲೇ ಅಂದ್ಲು. ನಾನೇ ಬ್ಯಾಡ ಅಂತ ಆಣೆ ಆಕ್ಸಿದೆ. ಎಂಗಾರಾ ಮಾಡು, ರಂಜಿಗೆ ಗೊತ್ತಾಗ್ದಂಗೆ ಮಾಡು ಅಂದೆ."

ರಂಜಿಗೆ ಗೊತ್ತಾಗದಂತೆ. ಹಾಸ್ಟೆಲ್ಲು, ರೂಮು, ವಾರ್ಡನ್ನು ಎಲ್ಲಿಂದ ಹುಟ್ಟಿತು ಅಂತ ಆಗ ತಿಳಿಯಿತು. ಒಬ್ಬಳ ಮೇಲಿನ ಕೋಪವನ್ನು ರಾತ್ರಿಯೆಲ್ಲ ಹೊತ್ತುಕೊಂಡಿದ್ದೆ. ಈಗ ಅದನ್ನು ಎಲ್ಲಿ ಇಳಿಸಬೇಕೋ ಗೊತ್ತಾಗಲಿಲ್ಲ. ಅವ್ವನ ಹೆಸರಿಗಾಗಿ ನಾನು ಊರೆದುರು ಗಂಟಲು ಹರಿದುಕೊಳ್ಳುತ್ತಿದ್ದೆ. ಅವಳು ಆ ಹೆಸರನ್ನು ಎಂದೋ ಕೊಟ್ಟು ಕೈತೊಳೆದುಕೊಂಡು, ಅದನ್ನು ಅಳಿಸುವ ಕೆಲಸಕ್ಕೆ ನನ್ನನ್ನೇ ಹಚ್ಚಿಸಿ, ನನ್ನ ಮುಂದೆ ಮುದ್ದೆ ಬಡಿಸಿದ್ದಳು.

"ನಾನು ನಿನ್ನ ಮಗಳಲ್ವಾ ಅವ್ವ?" ಅಂದೆ. ಅಷ್ಟು ಜನರೆದುರು ಅದೊಂದೇ ಮಾತು ಬಂತು.

ಅವ್ವ ಬೇವಿನ ಮರದ ಕಡೆ ಒಮ್ಮೆ ನೋಡಿದಳು. ಮಹದೇವಪ್ಪನವರು ಕುರ್ಚಿಯಿಂದ ಏಳುವವರಂತೆ ಮುಂದಕ್ಕೆ ಬಾಗಿದ್ದರು. ಅವ್ವ ನನ್ನ ತೋಳು ಬಿಟ್ಟು, ಸೆರಗು ಸರಿಮಾಡಿಕೊಂಡು, ಮೇಜಿನ ಹತ್ತಿರ ಹೋಗಿ ಟ್ರೇ ಎತ್ತಿ ತಲೆಯ ಮೇಲಿಟ್ಟುಕೊಂಡಳು. ದೇವಿ ಕೂಗುವುದನ್ನು ನಿಲ್ಲಿಸಿ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಅವಳ್ ಮಾತ್ಗೇನು, ಬುಡವ್ವ," ಅಂದಳು ಅವ್ವ ಅವಳಿಗೆ. "ನೀನು ಮುಂದ್ಲೆಸ್ರು ಕೂಗು."